ಮಂಡಿ ಆಪರೇಷನ್ನಿಗೆ ಮುಂಚೆ ಸೋಡಿಯಂ ಕಮ್ಮಿ ಬಂದರೆ

ಮಂಡಿ ಕೀಲು ಬದಲಿಸುವ ಆಪರೇಷನ್ನಿಗೆ ದಿನ ಗೊತ್ತಾಗಿರುತ್ತದೆ. ಮಗ ರಜೆ ಹಾಕಿರುತ್ತಾನೆ, ಮಗಳು ಊರಿಂದ ಬಂದಿರುತ್ತಾಳೆ, ದುಡ್ಡಿನ ಏರ್ಪಾಡೂ ಆಗಿರುತ್ತದೆ. ಅಷ್ಟರಲ್ಲಿ ಅರಿವಳಿಕೆ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, ‘ಸೋಡಿಯಂ 127 ಇದೆ, ಈಗಲೇ ಬೇಡ’ ಅನ್ನುತ್ತಾರೆ. ಮನೆಯವರಿಗೆ ತಲೆಬುಡ ಅರ್ಥವಾಗುವುದಿಲ್ಲ. ನೋವಿರುವುದು ಮಂಡಿಯಲ್ಲಿ, ಉಪ್ಪಿನ ಅಂಶಕ್ಕೂ ಅದಕ್ಕೂ ಏನು ಸಂಬಂಧ? ನೋಡಲು ಬಂದವರು ತಲೆಗೊಂದು ಉಪಾಯ ಹೇಳುತ್ತಾರೆ. ಊಟಕ್ಕೆ ಉಪ್ಪು ಜಾಸ್ತಿ ಹಾಕಿ, ಎಳನೀರು ಕುಡಿಸಿ, ಎರಡು ಬಾಟಲ್ ಗ್ಲೂಕೋಸ್ ಹಾಕಿಸಿಬಿಡಿ, ಸರಿಹೋಗುತ್ತೆ.

ಈ ಉಪಾಯಗಳು ಬಹಳ ಸಲ ಕೆಲಸ ಮಾಡುವುದಿಲ್ಲ. ಕೆಲವು ಸಲ ಕೆಡುಕನ್ನೇ ಮಾಡುತ್ತವೆ. ಯಾಕೆ ಅಂತ ತಿಳಿಯಬೇಕಾದರೆ ಆ 127 ಅನ್ನುವ ಅಂಕಿ ಏನು ಹೇಳುತ್ತದೆ ಅಂತ ಮೊದಲು ನೋಡಬೇಕು.

ರಕ್ತದಲ್ಲಿ ಸೋಡಿಯಂ 135ರಿಂದ 145ರ ಒಳಗಿರಬೇಕು. ಇದು ಒಂದು ಲೀಟರಿಗೆ ಎಷ್ಟು ಮಿಲಿಮೋಲ್ ಅನ್ನುವ ಲೆಕ್ಕ. 130ರಿಂದ 134 ಇದ್ದರೆ ಸ್ವಲ್ಪ ಕಮ್ಮಿ, 125ರಿಂದ 129 ಇದ್ದರೆ ಮಧ್ಯಮ, 125ಕ್ಕಿಂತ ಕೆಳಗಿಳಿದರೆ ತೀವ್ರ ಅಂತ ಡಾಕ್ಟರುಗಳು ವಿಂಗಡಿಸುತ್ತಾರೆ. ಈ ಅಂಕಿ ದೇಹದಲ್ಲಿ ಒಟ್ಟು ಎಷ್ಟು ಸೋಡಿಯಂ ಇದೆ ಅಂತ ಹೇಳುವುದಿಲ್ಲ. ನೀರಿನ ಲೆಕ್ಕಕ್ಕೆ ಎಷ್ಟಿದೆ ಅಂತ ಮಾತ್ರ ಹೇಳುತ್ತದೆ. ಸಾರು ಸಪ್ಪೆಯಾಗಿದ್ದರೆ ಉಪ್ಪು ಕಮ್ಮಿ ಬಿದ್ದಿರಬಹುದು, ಇಲ್ಲಾ ನೀರು ಜಾಸ್ತಿ ಬಿದ್ದಿರಬಹುದು, ಅಲ್ವಾ? ರಕ್ತದಲ್ಲಿ ಹೆಚ್ಚಾಗಿ ಆಗುವುದು ಎರಡನೆಯದು. ಅಂದರೆ ‘ಸೋಡಿಯಂ ಕಮ್ಮಿ’ ಅಂತ ನಾವು ಕರೆಯುವ ತೊಂದರೆ ಬಹಳ ಮಟ್ಟಿಗೆ ನೀರಿನ ತೊಂದರೆ. ದೇಹ ಹೊರಗೆ ಹಾಕಬೇಕಾದ ನೀರನ್ನು ಹೊರಗೆ ಹಾಕುತ್ತಿಲ್ಲ.

ನೀರು ಯಾಕೆ ಹೊರಗೆ ಹೋಗುವುದಿಲ್ಲ? ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಬರುತ್ತದೆ. ಕಿಡ್ನಿಗೆ ನೀರು ಹಿಡಿದಿಟ್ಟುಕೊಳ್ಳಲು ಹೇಳುವುದು ಅದರ ಕೆಲಸ. ಬಿಸಿಲಲ್ಲಿ ಬೆವರಿ ಬಾಯಾರಿದಾಗ ಈ ಹಾರ್ಮೋನು ಜಾಸ್ತಿಯಾಗುತ್ತದೆ, ಮೂತ್ರ ಹಳದಿಯಾಗಿ ಸ್ವಲ್ಪವೇ ಬರುತ್ತದೆ. ಹೊಟ್ಟೆ ತುಂಬ ನೀರು ಕುಡಿದಾಗ ಅದು ನಿಲ್ಲಬೇಕು, ಮೂತ್ರ ತಿಳಿಯಾಗಿ ಧಾರಾಳವಾಗಿ ಹೋಗಬೇಕು. ಆದರೆ ನೋವು, ವಾಕರಿಕೆ, ಕೆಲವು ಔಷಧಿ, ಶ್ವಾಸಕೋಶದ ಕಾಯಿಲೆ, ಮೆದುಳಿನ ಕಾಯಿಲೆ, ಇವೆಲ್ಲ ಆ ಹಾರ್ಮೋನನ್ನು ಬೇಡದ ಹೊತ್ತಿನಲ್ಲೂ ಸುರಿಯುವಂತೆ ಮಾಡುತ್ತವೆ. ಆಗ ಕುಡಿದ ನೀರು ಒಳಗೇ ಉಳಿಯುತ್ತದೆ, ರಕ್ತದ ಸೋಡಿಯಂ ತೆಳುವಾಗುತ್ತದೆ.

ರಕ್ತ ತೆಳುವಾದರೆ ನೀರು ಜೀವಕೋಶಗಳ ಒಳಗೆ ನುಗ್ಗುತ್ತದೆ, ಕೋಶಗಳು ಊದುತ್ತವೆ. ಕಾಲೋ ಹೊಟ್ಟೆಯೋ ಆದರೆ ಸ್ವಲ್ಪ ಊದಿದರೂ ನಡೆಯುತ್ತದೆ. ಮೆದುಳು ಗಟ್ಟಿ ತಲೆಬುರುಡೆಯ ಒಳಗಿದೆ, ಅದಕ್ಕೆ ಊದಿಕೊಳ್ಳಲು ಜಾಗವಿಲ್ಲ. ಹಾಗಾಗಿ ಸೋಡಿಯಂ ಸರ್ರನೆ ಇಳಿದರೆ ಮೊದಲು ತಲೆನೋವು, ವಾಕರಿಕೆ, ಆಮೇಲೆ ಗೊಂದಲ, ನಿದ್ದೆಗಣ್ಣು, ಕೊನೆಗೆ ಫಿಟ್ಸ್ ಕೂಡ ಬರಬಹುದು. ನಿಧಾನವಾಗಿ ಇಳಿದರೆ ಕಥೆ ಬೇರೆ. ಮೆದುಳಿನ ಕೋಶಗಳು ಎರಡು ದಿನದಷ್ಟು ಹೊತ್ತಿನಲ್ಲಿ ತಮ್ಮೊಳಗಿನ ಲವಣಗಳನ್ನೂ ಇತರ ಕಣಗಳನ್ನೂ ಹೊರಹಾಕಿ ಮತ್ತೆ ಹಳೆಯ ಗಾತ್ರಕ್ಕೆ ಬರುತ್ತವೆ. ಅದಕ್ಕೇ ತಿಂಗಳುಗಟ್ಟಲೆ 126 ಇರುವ ಅಜ್ಜಿ ಎದುರು ಕೂತು ಚೆನ್ನಾಗಿಯೇ ಮಾತಾಡುತ್ತಾರೆ. ಒಂದೇ ದಿನದಲ್ಲಿ 140ರಿಂದ 126ಕ್ಕೆ ಇಳಿದ ಇನ್ನೊಬ್ಬರಿಗೆ ಪ್ರಜ್ಞೆಯೇ ತಪ್ಪಬಹುದು. ಅಂಕಿ ಒಂದೇ, ಅಪಾಯ ಬೇರೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಚಿಕಿತ್ಸೆಯ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಮಂಡಿ ನೋವಿನವರಿಗೇ ಯಾಕೆ ಇದು ಜಾಸ್ತಿ?

ಕೀಲು ಬದಲಿಸಿಕೊಳ್ಳಲು ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ನಮ್ಮಲ್ಲಿ ಮಂಡಿ ಆಪರೇಷನ್ನಿಗೆ ಬರುವವರಲ್ಲಿ ಹೆಂಗಸರೇ ಹೆಚ್ಚು. ವಯಸ್ಸಾದಂತೆ ಹೆಚ್ಚುವರಿ ನೀರನ್ನು ಹೊರಹಾಕುವ ಕಿಡ್ನಿಯ ಶಕ್ತಿ ಇಳಿಯುತ್ತದೆ. ಅದರ ಜೊತೆಗೆ ಅವರು ನುಂಗುವ ಮಾತ್ರೆಗಳನ್ನು ಒಮ್ಮೆ ಮೇಜಿನ ಮೇಲೆ ಹರಡಿ ನೋಡಬೇಕು.

ಮೊದಲನೆಯದು ಬಿಪಿ ಮಾತ್ರೆ. ರಕ್ತದೊತ್ತಡಕ್ಕೆ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿರುತ್ತದೆ. ಸ್ಟ್ರಿಪ್ಪಿನ ಮೇಲೆ ಹೆಸರಿನ ಕೊನೆಗೆ ‘ಎಚ್’ ಅಂತಿದ್ದರೆ ಸಾಮಾನ್ಯವಾಗಿ ಹೈಡ್ರೊಕ್ಲೋರೊಥಯಾಜೈಡ್, ‘ಸಿಟಿ’ ಅಂತಿದ್ದರೆ ಕ್ಲೋರ್ಥಲಿಡೋನ್ ಇದೆ ಅಂತ ಅರ್ಥ. ಇಂಡಪಮೈಡ್ ಕೂಡ ಇದೇ ಗುಂಪಿಗೆ ಹತ್ತಿರದ್ದು. ಇವು ಒಳ್ಳೆಯ ಔಷಧಿಗಳು, ಪಾರ್ಶ್ವವಾಯುವನ್ನು ತಡೆಯುತ್ತವೆ. ಆದರೆ ವಯಸ್ಸಾದ, ತೂಕ ಕಡಿಮೆ ಇರುವ ಹೆಂಗಸರಲ್ಲಿ ಸೋಡಿಯಂ ಇಳಿಸುವ ಔಷಧಿಗಳ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವುದೂ ಇವೇ.

ಎರಡನೆಯದು ನೋವಿನ ಮಾತ್ರೆ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಥರದವನ್ನು ಮಂಡಿ ನೋವಿಗೆ ವರ್ಷಗಟ್ಟಲೆ ನುಂಗಿದವರಿರುತ್ತಾರೆ. ಇವು ವ್ಯಾಸೊಪ್ರೆಸಿನ್ನಿನ ಕೆಲಸಕ್ಕೆ ಬಲ ಕೊಡುತ್ತವೆ, ಕಿಡ್ನಿ ಇನ್ನಷ್ಟು ನೀರು ಹಿಡಿಯುತ್ತದೆ. ನೋವಿಗೆ ಕೊಡುವ ಟ್ರಾಮಡಾಲ್ ಕೂಡ ಸೋಡಿಯಂ ಇಳಿಸಬಲ್ಲದು. ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಫಿಟ್ಸಿಗೆ ಕೊಡುವ ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್ ಸಹ ಹಾಗೆಯೇ. ಒಂದೊಂದೇ ಆಗಿದ್ದರೆ ದೇಹ ತಡೆದುಕೊಳ್ಳುತ್ತಿತ್ತೇನೋ. ಎರಡು ಮೂರು ಸೇರಿದಾಗ ಸೋಡಿಯಂ ಜಾರುತ್ತದೆ.

ಇನ್ನೊಂದು ವಿಷಯವನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಇದನ್ನು ರೋಗಿಗಳು ಡಾಕ್ಟರ ಹತ್ತಿರ ಹೇಳುವುದೇ ಇಲ್ಲ. ಕೀಲು ನೋವಿಗೆ ಅಂತ ಹೆಸರು, ಲೇಬಲ್ ಏನೂ ಇಲ್ಲದ ಪುಡಿ, ಗುಳಿಗೆಗಳನ್ನು ಪೊಟ್ಟಣದಲ್ಲಿ ತಂದು ತಿನ್ನುವವರು ಹಳ್ಳಿಯಲ್ಲೂ ಇದ್ದಾರೆ, ಪೇಟೆಯಲ್ಲೂ ಇದ್ದಾರೆ. ಅಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಗೊತ್ತಾಗಿದೆ. ನೋವು ಮಾಯವಾದಂತೆ ಅನ್ನಿಸುವುದು ಅದರಿಂದಲೇ. ಬಹಳ ದಿನ ಸ್ಟೀರಾಯ್ಡ್ ಒಳಗೆ ಹೋದರೆ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಅನ್ನುವ, ಒತ್ತಡ ತಡೆದುಕೊಳ್ಳಲು ದೇಹಕ್ಕೆ ಬೇಕಾದ ಹಾರ್ಮೋನನ್ನು ತಾನೇ ಮಾಡುವುದನ್ನು ನಿಲ್ಲಿಸಿಬಿಡುತ್ತದೆ. ಆಪರೇಷನ್ ಹತ್ತಿರ ಬಂತು ಅಂತ ಪುಡಿಯನ್ನು ಒಮ್ಮೆಲೇ ಬಿಟ್ಟರೆ ದೇಹದಲ್ಲಿ ಕಾರ್ಟಿಸಾಲ್ ಇರುವುದಿಲ್ಲ. ಸುಸ್ತು, ವಾಕರಿಕೆ, ಬಿಪಿ ಇಳಿಯುವುದು, ಸೋಡಿಯಂ ಇಳಿಯುವುದು ಎಲ್ಲ ಒಟ್ಟಿಗೆ ಶುರುವಾಗುತ್ತವೆ. ಇಂಥ ಸ್ಥಿತಿಯಲ್ಲಿ ಆಪರೇಷನ್ ಮಾಡಿದರೆ ದೇಹ ಆ ಹೊಡೆತ ತಡೆಯದೆ ಬಿಪಿ ಪೂರ್ತಿ ಕುಸಿಯಬಹುದು, ಜೀವಕ್ಕೇ ಅಪಾಯ. ಆದ್ದರಿಂದ ಪುಡಿ ತಿಂದಿದ್ದರೆ ಸಂಕೋಚ ಬಿಟ್ಟು ಹೇಳಿ. ಬೈದಾರು ಅಂತ ಹೆದರಿ ಮುಚ್ಚಿಡುವ ವಿಷಯ ಇದಲ್ಲ. ಸಂಧಿವಾತಕ್ಕೆ ಡಾಕ್ಟರೇ ಬರೆದುಕೊಟ್ಟ ಪ್ರೆಡ್ನಿಸೊಲೋನ್ ತೆಗೆದುಕೊಳ್ಳುವವರೂ ಅದನ್ನು ತಾವಾಗಿ ನಿಲ್ಲಿಸಬಾರದು.

ಊಟದ್ದೂ ಪಾಲಿದೆ. ಕಿಡ್ನಿ ಬರೀ ನೀರನ್ನು ಹೊರಹಾಕಲಾರದು. ನೀರಿನ ಜೊತೆ ಹೋಗಲು ಉಪ್ಪು ಮತ್ತು ಪ್ರೋಟೀನಿನಿಂದ ಬರುವ ಯೂರಿಯಾ ಬೇಕು. ಹಲ್ಲಿಲ್ಲ, ಹಸಿವಿಲ್ಲ, ಒಬ್ಬರಿಗೇ ಏನು ಅಡುಗೆ ಮಾಡುವುದು ಅಂತ ಟೀ ಬಿಸ್ಕತ್ತು, ತಿಳಿಸಾರು ಅನ್ನದಲ್ಲೇ ದಿನ ಕಳೆಯುವ ಹಿರಿಯರಲ್ಲಿ ಇವೆರಡೂ ಕಮ್ಮಿ. ಅದರ ಮೇಲೆ ಬಿಪಿಗೆ ಅಂತ ಉಪ್ಪು ಪೂರ್ತಿ ಬಿಟ್ಟಿರುತ್ತಾರೆ, ಆರೋಗ್ಯಕ್ಕೆ ಒಳ್ಳೆಯದು ಅಂತ ಬೆಳಿಗ್ಗೆ ಎದ್ದು ತಂಬಿಗೆಗಟ್ಟಲೆ ನೀರು ಕುಡಿಯುತ್ತಾರೆ. ನೀರು ಒಳಗೆ ಬರುತ್ತದೆ, ಹೊರಗೆ ಹೋಗುವ ದಾರಿ ಇಲ್ಲ.

ಇನ್ನು ಕಾಯಿಲೆಗಳು. ಹೃದಯದ ಪಂಪು ಸೋತವರು, ಲಿವರ್ ಕೆಟ್ಟವರು, ಕಿಡ್ನಿ ಕಾಯಿಲೆಯವರು, ಥೈರಾಯ್ಡ್ ತೀರಾ ಕಮ್ಮಿ ಇರುವವರು. ಕ್ಷಯ, ನ್ಯುಮೋನಿಯಾ, ಶ್ವಾಸಕೋಶದ ಕ್ಯಾನ್ಸರ್ ಕೂಡ ಸೋಡಿಯಂ ಇಳಿಸಬಹುದು. ಕೆಲವರಲ್ಲಿ ಒಳಗೆ ಅಡಗಿರುವ ಕಾಯಿಲೆಯ ಮೊದಲ ಸುಳಿವು ಈ ರಕ್ತ ಪರೀಕ್ಷೆಯಲ್ಲೇ ಸಿಗುತ್ತದೆ. ಸೋಡಿಯಂ ಅಂಕಿಯನ್ನು ಹೇಗಾದರೂ ಮೇಲೆತ್ತಿ ಆಪರೇಷನ್ ಮುಗಿಸಿದರೆ ಆ ಸುಳಿವು ಕೈತಪ್ಪಿ ಹೋಗುತ್ತದೆ.

ಆಪರೇಷನ್ ಮೇಲೆ ಏನು ಪರಿಣಾಮ?

ಇದನ್ನು ದೊಡ್ಡ ಮಟ್ಟದಲ್ಲಿ ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅಮೆರಿಕದ ಆಸ್ಪತ್ರೆಗಳಲ್ಲಿ 2005ರಿಂದ 2010ರವರೆಗೆ ದೊಡ್ಡ ಆಪರೇಷನ್ ಮಾಡಿಸಿಕೊಂಡ 9.6 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಅದರಲ್ಲಿತ್ತು. ಅವರಲ್ಲಿ 7.8 ಶೇಕಡಾ ಜನರಿಗೆ ಆಪರೇಷನ್ನಿಗೆ ಮುಂಚೆಯೇ ಸೋಡಿಯಂ 135ಕ್ಕಿಂತ ಕಮ್ಮಿ ಇತ್ತು. 30 ದಿನದೊಳಗೆ ತೀರಿಕೊಂಡವರು ಈ ಗುಂಪಿನಲ್ಲಿ 5.2 ಶೇಕಡಾ, ಸೋಡಿಯಂ ಸರಿಯಿದ್ದವರಲ್ಲಿ 1.3 ಶೇಕಡಾ. ಗಾಯಕ್ಕೆ ಸೋಂಕಾದವರು 7.4 ಮತ್ತು 4.6 ಶೇಕಡಾ. ನ್ಯುಮೋನಿಯಾ 3.7 ಮತ್ತು 1.5 ಶೇಕಡಾ. ಹೃದಯದ ತೊಂದರೆಗಳೂ ಜಾಸ್ತಿ ಇದ್ದವು, ಆಸ್ಪತ್ರೆಯಲ್ಲಿ ಉಳಿಯುವ ಅವಧಿಯೂ ಉದ್ದವಾಯಿತು.

ಈ ಅಂಕಿಗಳನ್ನು ನೋಡಿ ಗಾಬರಿಯಾಗಬೇಡಿ. ಅದರಲ್ಲಿ ಎಲ್ಲ ಬಗೆಯ ಆಪರೇಷನ್ನೂ ಇದ್ದವು, ತುರ್ತಾಗಿ ಮಾಡಿದವೂ ಇದ್ದವು, ಮೊದಲೇ ತೀರಾ ಕಾಯಿಲೆಯಾದವರೂ ಇದ್ದರು. ಮಂಡಿ ಕೀಲು ಬದಲಿಸಿದವರಲ್ಲಿ ಸಾವು ಬಹಳ ಅಪರೂಪ. ಹಾಗಾದರೆ ಆ ಅಧ್ಯಯನದ ಮಾತು ಇಲ್ಲಿ ಯಾಕೆ? ವಯಸ್ಸು, ಬೇರೆ ಕಾಯಿಲೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸೋಡಿಯಂ ಕಮ್ಮಿ ಇದ್ದವರಿಗೆ ಅಪಾಯ ಹೆಚ್ಚೇ ಇತ್ತು. ನನ್ನನ್ನು ಯೋಚನೆಗೆ ಹಚ್ಚಿದ್ದು ಮತ್ತೊಂದು ಸಂಗತಿ. ಈ ಸಂಬಂಧ ತುರ್ತು ರೋಗಿಗಳಿಗಿಂತ ಮೊದಲೇ ದಿನ ಗೊತ್ತುಮಾಡಿದ ಆಪರೇಷನ್ನುಗಳಲ್ಲಿ, ಮೇಲ್ನೋಟಕ್ಕೆ ಆರೋಗ್ಯವಾಗಿದ್ದವರಲ್ಲಿ ಇನ್ನೂ ಎದ್ದು ಕಂಡಿತು. ಮಂಡಿ ಬದಲಿಸಿಕೊಳ್ಳಲು ಬರುವವರು ಬಹುಪಾಲು ಇಂಥವರೇ. ಆಮೇಲೆ ಮಂಡಿ ಮತ್ತು ಸೊಂಟದ ಕೀಲು ಬದಲಿಸಿದವರನ್ನೇ ನೋಡಿದ ಅಧ್ಯಯನಗಳಲ್ಲೂ ಇದೇ ದಿಕ್ಕು ಕಂಡಿದೆ. ಸೋಡಿಯಂ ಕಮ್ಮಿ ಇದ್ದವರು ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯುತ್ತಾರೆ, ಅವರಿಗೆ ತೊಡಕುಗಳು ಹೆಚ್ಚು ಆಗುತ್ತವೆ.

ಈಗ ಕಷ್ಟದ ಪ್ರಶ್ನೆ. ಸೋಡಿಯಂ ಕಮ್ಮಿಯಾದದ್ದೇ ಈ ತೊಡಕಿಗೆ ಕಾರಣವೋ, ಇಲ್ಲಾ ಒಳಗಿನ ಬೇರೆ ದೌರ್ಬಲ್ಯದ ಗುರುತೋ? ಗಾಯಕ್ಕೆ ಸೋಂಕಾಗುವುದನ್ನೇ ತೆಗೆದುಕೊಳ್ಳಿ. ಸೋಡಿಯಂ ಇಳಿದವರಲ್ಲಿ ಪೋಷಣೆ ಕಮ್ಮಿ ಇರುವವರು, ಹೃದಯ ಅಥವಾ ಲಿವರ್ ಸೋತವರು ಹೆಚ್ಚು. ಅಂಥವರ ಗಾಯ ತಡವಾಗಿ ಮಾಯುತ್ತದೆ, ಸೋಂಕು ಬೇಗ ಹಿಡಿಯುತ್ತದೆ. ಇಲ್ಲಿ ಸೋಡಿಯಂ ಬಹುಶಃ ಗುರುತು ಮಾತ್ರ. ಆಸ್ಪತ್ರೆಗೆ ಸೇರಿದ ರೋಗಿಗಳಲ್ಲಿ ಸೋಡಿಯಮ್ಮನ್ನು ಗುರಿಯಿಟ್ಟು ಸರಿಮಾಡಿದರೆ ಸಾವು ಅಥವಾ ಮತ್ತೆ ದಾಖಲಾಗುವುದು ತಪ್ಪುತ್ತದೆಯೇ ಅಂತ ಯುರೋಪಿನ ಹಲವು ಆಸ್ಪತ್ರೆಗಳು ಸೇರಿ ದೊಡ್ಡ ಪ್ರಯೋಗ ನಡೆಸಿದವು. ಅಂಕಿ ಸುಧಾರಿಸಿತು. ಆದರೆ 30 ದಿನದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಅವರು ಕೀಲು ಬದಲಿಸಿಕೊಂಡ ರೋಗಿಗಳಲ್ಲ ನಿಜ. ಆದರೂ ಬರೀ ಅಂಕಿಯ ಹಿಂದೆ ಓಡುವವರಿಗೆ ಅದು ಎಚ್ಚರಿಕೆಯೇ.

ಬೀಳುವ ವಿಷಯದಲ್ಲಿ ಮಾತ್ರ ನೇರ ಸಂಬಂಧಕ್ಕೆ ಆಧಾರ ಗಟ್ಟಿಯಾಗಿದೆ. ಬೆಲ್ಜಿಯಂನ ವೈದ್ಯರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಹಳ ದಿನದಿಂದ ಸೋಡಿಯಂ ಕಮ್ಮಿ ಇದ್ದು, ‘ಏನೂ ಲಕ್ಷಣ ಇಲ್ಲ’ ಅನ್ನಿಸಿಕೊಂಡಿದ್ದ 122 ರೋಗಿಗಳನ್ನು ಅವರು ನೋಡಿದ್ದರು. ಅವರಲ್ಲಿ 21.3 ಶೇಕಡಾ ಜನ ಬಿದ್ದು ಆಸ್ಪತ್ರೆಗೆ ಬಂದವರು. ಸೋಡಿಯಂ ಸರಿಯಿದ್ದ ಹೋಲಿಕೆಯ ಗುಂಪಿನಲ್ಲಿ ಹಾಗೆ ಬಿದ್ದವರು 5.3 ಶೇಕಡಾ. ಕೆಲವರನ್ನು ನಡೆಸಿ ನೋಡಿದಾಗ ಹೆಜ್ಜೆ ಅತ್ತಿತ್ತ ವಾಲುತ್ತಿತ್ತು, ಗಮನ ತಪ್ಪುತ್ತಿತ್ತು. ಸೋಡಿಯಂ ಸರಿಪಡಿಸಿದ ಮೇಲೆ ನಡಿಗೆ ಸುಧಾರಿಸಿತು. ಸುಧಾರಿಸಿತು ಅನ್ನುವುದೇ ಮುಖ್ಯ, ಅದು ಬರೀ ಗುರುತಾಗಿದ್ದರೆ ಹಾಗಾಗುತ್ತಿರಲಿಲ್ಲ.

ಮಂಡಿ ಆಪರೇಷನ್ ಆದವರನ್ನು ಈಗ ಅದೇ ದಿನವೋ ಮರುದಿನವೋ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಕಾಲಿಗೆ ಬಲವಿಲ್ಲ, ನೋವಿನ ಔಷಧಿಯ ಮಂಪರು ಬೇರೆ. ಅದರ ಜೊತೆ ಸೋಡಿಯಂ ಇಳಿದು ತೋಲ ತಪ್ಪಿದರೆ? ಬಿದ್ದರೆ ಹೊಸ ಕೀಲಿನ ಸುತ್ತಲ ಮೂಳೆಯೇ ಮುರಿಯಬಹುದು. ಅದನ್ನು ಸರಿಮಾಡುವುದು ಮೊದಲ ಆಪರೇಷನ್ನಿಗಿಂತ ಕಷ್ಟದ ಕೆಲಸ. ಮೂಳೆಯ ಗಟ್ಟಿತನದ ಮೇಲೂ ಪರಿಣಾಮವಿದೆ. ದೇಹದ ಸೋಡಿಯಂನಲ್ಲಿ ಸುಮಾರು ಮೂರನೇ ಒಂದು ಪಾಲು ಮೂಳೆಯಲ್ಲೇ ಇರುತ್ತದೆ. ರಕ್ತದಲ್ಲಿ ಅದು ಬಹಳ ದಿನ ಕಮ್ಮಿಯಾಗಿದ್ದರೆ ಮೂಳೆ ಕರಗಿಸುವ ಕೋಶಗಳು ಚುರುಕಾಗಿ ಮೂಳೆ ಸವೆಯುತ್ತದೆ ಅಂತ ಇಲಿಗಳ ಮೇಲಿನ ಪ್ರಯೋಗ ತೋರಿಸಿದೆ. ಸೋಡಿಯಂ ಕಮ್ಮಿ ಇರುವ ಮನುಷ್ಯರಲ್ಲೂ ಮೂಳೆ ಟೊಳ್ಳಾಗುವುದು ಹೆಚ್ಚು ಕಂಡಿದೆ. ಹೊಸ ಕೀಲು ಕೂರಬೇಕಾದ್ದು ಅದೇ ಮೂಳೆಯ ಮೇಲೆ.

ಆಪರೇಷನ್ ಮುಂದೂಡಿದ ಮೇಲೆ

ಮುಂದೂಡಿದಾಗ ಬೇಜಾರಾಗುವುದು ಸಹಜ. ಆದರೆ ಮಂಡಿ ಬದಲಿ ಆಪರೇಷನ್ನಿನ ದೊಡ್ಡ ಅನುಕೂಲ ಅಂದರೆ ಅದು ಕಾಯುತ್ತದೆ. ಎರಡು ಮೂರು ವಾರ ತಡವಾದರೆ ನೋವು ಮುಂದುವರಿಯುತ್ತದೆಯೇ ಹೊರತು ಬೇರೆ ನಷ್ಟವಿಲ್ಲ. ಬಿದ್ದು ಸೊಂಟದ ಮೂಳೆ ಮುರಿದವರ ಲೆಕ್ಕ ಬೇರೆ. ಅವರನ್ನು ಹಾಸಿಗೆಯಲ್ಲಿ ಮಲಗಿಸಿಟ್ಟಷ್ಟೂ ಅಪಾಯ ಹೆಚ್ಚು. ಒಂದೆರಡು ದಿನದೊಳಗೆ ಆಪರೇಷನ್ ಆಗಬೇಕು. ಅಲ್ಲಿ ಸೋಡಿಯಂ ಸ್ವಲ್ಪ ಕಮ್ಮಿ ಇದ್ದರೂ ಸರಿಮಾಡುತ್ತಲೇ ಮುಂದುವರಿಯುತ್ತಾರೆ. ಇಬ್ಬರನ್ನೂ ಒಂದೇ ಅಳತೆಯಲ್ಲಿ ನೋಡಬಾರದು. ಎಷ್ಟಕ್ಕಿಂತ ಕಮ್ಮಿ ಇದ್ದರೆ ನಿಲ್ಲಿಸಬೇಕು ಅನ್ನುವುದಕ್ಕೂ ಎಲ್ಲರಿಗೂ ಒಪ್ಪುವ ಒಂದೇ ಗೆರೆ ಇಲ್ಲ. 133 ಇದ್ದು ಬಹಳ ದಿನದಿಂದ ಹಾಗೇ ಇದ್ದರೆ ಸಾಮಾನ್ಯವಾಗಿ ಮುಂದುವರಿಯುತ್ತಾರೆ. 130ಕ್ಕಿಂತ ಕೆಳಗಿದ್ದರೆ ಕಾರಣ ಹುಡುಕುತ್ತಾರೆ. 125ಕ್ಕಿಂತ ಕೆಳಗಿದ್ದರೆ ಕಾಯಬಹುದಾದ ಆಪರೇಷನ್ನನ್ನು ಯಾರೂ ಮುಟ್ಟಲು ಇಷ್ಟಪಡುವುದಿಲ್ಲ.

ಮೊದಲು ರಿಪೋರ್ಟ್ ನಿಜವೇ ಅಂತ ನೋಡಬೇಕು. ಗ್ಲೂಕೋಸ್ ಡ್ರಿಪ್ ಹೋಗುತ್ತಿರುವ ಕೈಯಿಂದಲೇ ರಕ್ತ ತೆಗೆದಿದ್ದರೆ ಅಂಕಿ ತಪ್ಪಾಗಿ ಕಮ್ಮಿ ಬರುತ್ತದೆ. ಸಕ್ಕರೆ ತೀರಾ ಏರಿದ್ದರೂ ಹಾಗೆ. ಸಕ್ಕರೆ ಕೋಶಗಳೊಳಗಿನ ನೀರನ್ನು ರಕ್ತಕ್ಕೆ ಎಳೆಯುವುದರಿಂದ ಸೋಡಿಯಂ ಇಳಿದಂತೆ ಕಾಣುತ್ತದೆ. 100ರ ಮೇಲೆ ಸಕ್ಕರೆ ಪ್ರತಿ 100 ಏರಿದಾಗ ಸೋಡಿಯಂ ಸುಮಾರು 2 ಇಳಿಯುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಬಹುದು. ಸಕ್ಕರೆ 400 ಇದ್ದು ಸೋಡಿಯಂ 130 ಬಂದಿದ್ದರೆ ಮೊದಲು ಸರಿಮಾಡಬೇಕಾದ್ದು ಸಕ್ಕರೆಯನ್ನು.

ನಿಜವಾಗಿಯೂ ಕಮ್ಮಿ ಅಂತಾದರೆ ಬರೀ ರಕ್ತ ಸಾಲದು, ಮೂತ್ರವನ್ನೂ ಪರೀಕ್ಷಿಸಬೇಕು. ಮೂತ್ರ ಎಷ್ಟು ಗಟ್ಟಿಯಿದೆ, ಅದರಲ್ಲಿ ಸೋಡಿಯಂ ಎಷ್ಟು ಹೋಗುತ್ತಿದೆ ಅಂತ ನೋಡಿದರೆ ಕಿಡ್ನಿ ಏನು ಮಾಡುತ್ತಿದೆ ಅಂತ ಗೊತ್ತಾಗುತ್ತದೆ. ಜೊತೆಗೆ ಥೈರಾಯ್ಡ್, ಬೆಳಗಿನ ಕಾರ್ಟಿಸಾಲ್, ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ನೋಡುತ್ತಾರೆ. ಬೇಕಾದರೆ ಎದೆಯ ಎಕ್ಸ್‌ರೇ ತೆಗೆಸುತ್ತಾರೆ. ಇವು ಸುಮ್ನೆ ಬರೆದ ಟೆಸ್ಟುಗಳಲ್ಲ. ಕಾರಣದ ಮೇಲೆ ಚಿಕಿತ್ಸೆ ಪೂರ್ತಿ ತಿರುಗುಮುರುಗಾಗುತ್ತದೆ. ವಾಂತಿ ಭೇದಿಯಾಗಿ ಉಪ್ಪು, ನೀರು ಎರಡೂ ಹೋಗಿದ್ದರೆ ಉಪ್ಪುನೀರಿನ ಡ್ರಿಪ್ ಅಂದರೆ ನಾರ್ಮಲ್ ಸಲೈನ್ ಬೇಕು. ವ್ಯಾಸೊಪ್ರೆಸಿನ್ ಜಾಸ್ತಿಯಾಗಿ ನೀರು ನಿಂತಿದ್ದರೆ ಕುಡಿಯುವ ನೀರನ್ನು ಮಿತಿಗೊಳಿಸಬೇಕು. ಅಂಥವರಿಗೆ ಅದೇ ಸಲೈನ್ ಹಾಕಿದರೆ ಕಿಡ್ನಿ ಉಪ್ಪನ್ನು ಹೊರಗೆ ಬಿಟ್ಟು ನೀರನ್ನು ಹಿಡಿದುಕೊಂಡು ಸೋಡಿಯಂ ಇನ್ನೂ ಇಳಿಯಬಹುದು. ಹೃದಯ ಸೋತವರಿಗೆ ಉಪ್ಪು ತಿನ್ನಿಸಿದರೆ ಕಾಲು ಊದಿ ಉಸಿರಾಡಲು ಕಷ್ಟವಾಗುತ್ತದೆ. ಬಿಪಿ ಮಾತ್ರೆ ಕಾರಣವಾಗಿದ್ದರೆ ಡಾಕ್ಟರು ಅದನ್ನು ಬೇರೆ ಗುಂಪಿನ ಮಾತ್ರೆಗೆ ಬದಲಿಸುತ್ತಾರೆ. ಬಹಳ ಜನರಿಗೆ ಕೆಲವು ದಿನಗಳಿಂದ ಒಂದೆರಡು ವಾರದಲ್ಲಿ ಸರಿಹೋಗುತ್ತದೆ. ಆದರೆ ನೀವಾಗಿ ನಿಲ್ಲಿಸಬೇಡಿ. ಬಿಪಿ ಏರಿದರೆ ಆಪರೇಷನ್ ಮತ್ತೆ ಮುಂದಕ್ಕೆ ಹೋಗುತ್ತದೆ.

ಗ್ಲೂಕೋಸ್ ಬಾಟಲಿಯ ವಿಷಯ ಈಗ ಅರ್ಥವಾಗಿರಬಹುದು. ಗ್ಲೂಕೋಸ್ ದೇಹದಲ್ಲಿ ಖರ್ಚಾದ ಮೇಲೆ ಉಳಿಯುವುದು ಬರೀ ನೀರು. ಸೋಡಿಯಂ ತೆಳುವಾದ ರಕ್ತಕ್ಕೆ ಇನ್ನಷ್ಟು ನೀರು ಸುರಿದಂತೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಸ್ವಲ್ಪ. ಅದು ಕೊಡುವುದೂ ಹೆಚ್ಚಾಗಿ ನೀರನ್ನೇ. ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ, ಕಿಡ್ನಿ ಸೋತವರಿಗೆ ದಿನಕ್ಕೆ ಮೂರು ನಾಲ್ಕು ಎಳನೀರು ಕುಡಿಸಿದರೆ ಪೊಟ್ಯಾಸಿಯಂ ಏರಿ ಹೃದಯದ ಬಡಿತಕ್ಕೇ ತೊಂದರೆಯಾಗಬಹುದು. ಪ್ರೀತಿಯಿಂದಲೇ ಮಾಡುವ ಆರೈಕೆ ಇದು, ಅದಕ್ಕೇ ಹೇಳಬೇಕು ಅನ್ನಿಸುತ್ತದೆ.

ಇನ್ನು ವೇಗದ ಪ್ರಶ್ನೆ. ‘ನಾಳೆ ಬೆಳಿಗ್ಗೆಯೊಳಗೆ ಸರಿಮಾಡಿಬಿಡಿ, ಆಪರೇಷನ್ ಆಗಲಿ’ ಅಂತ ಮನೆಯವರು ಒತ್ತಾಯಿಸುವುದುಂಟು. ಇದು ಸಾಧ್ಯ, ಆದರೆ ಮಾಡಬಾರದು. ನಿಧಾನವಾಗಿ ಸೋಡಿಯಂ ಇಳಿದವರ ಮೆದುಳು ಕಣಗಳನ್ನು ಹೊರಹಾಕಿ ಹೊಂದಿಕೊಂಡಿರುತ್ತದೆ ಅಂತ ಮೇಲೆ ಹೇಳಿದೆ. ಈಗ ರಕ್ತದ ಸೋಡಿಯಂ ಒಮ್ಮೆಲೇ ಏರಿದರೆ ಮೆದುಳಿನ ಕೋಶಗಳಿಂದ ನೀರು ಹೊರಗೆ ಎಳೆಯಲ್ಪಡುತ್ತದೆ, ನರಗಳ ಮೇಲಿನ ಮಯಲಿನ್ ಹೊದಿಕೆ ಹಾಳಾಗುತ್ತದೆ. ಕೆಲವು ದಿನ ಬಿಟ್ಟು ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕೈಕಾಲು ಬಿದ್ದುಹೋಗುತ್ತವೆ. ಕೆಲವರಲ್ಲಿ ಇದು ಮತ್ತೆ ಸರಿಹೋಗುವುದೇ ಇಲ್ಲ. ಅದಕ್ಕಾಗಿ 24 ಗಂಟೆಯಲ್ಲಿ 8ರಿಂದ 10ಕ್ಕಿಂತ ಹೆಚ್ಚು ಏರಿಸಬಾರದು ಅನ್ನುವ ಮಿತಿ ಇದೆ. ಕುಡಿತದ ಚಟ, ಲಿವರ್ ಕಾಯಿಲೆ, ಪೋಷಣೆಯ ಕೊರತೆ, ಪೊಟ್ಯಾಸಿಯಂ ಕಮ್ಮಿ ಇದ್ದವರಲ್ಲಿ 8ರೊಳಗೇ ಇರಬೇಕು. ಫಿಟ್ಸ್ ಬಂದು ಜೀವ ಹೋಗುವ ಸ್ಥಿತಿಯಿದ್ದರೆ 3 ಶೇಕಡಾ ಗಟ್ಟಿ ಸಲೈನನ್ನು ಸ್ವಲ್ಪ ಸ್ವಲ್ಪವೇ ಬೇಗ ಕೊಡುತ್ತಾರೆ. ಅದು ಐಸಿಯುವಿನ ಕೆಲಸ. ‘ನಿಧಾನವಾಗಿ ಮಾಡೋಣ’ ಅನ್ನುವ ಡಾಕ್ಟರು ನಿಮ್ಮವರ ಮೆದುಳನ್ನು ಕಾಯುತ್ತಿದ್ದಾರೆ.

ಆಪರೇಷನ್ ಆದ ಮೇಲಿನ ಎರಡು ಮೂರು ದಿನ

ಆಪರೇಷನ್ನಿಗೆ ಮುಂಚೆ ಸೋಡಿಯಂ 136 ಇದ್ದವರಿಗೂ ಆಮೇಲೆ ಇಳಿಯಬಹುದು. ಕತ್ತರಿಸಿದ ನೋವು, ವಾಕರಿಕೆ, ಮಾರ್ಫಿನ್ ಜಾತಿಯ ಔಷಧಿಗಳು, ದೇಹದ ಒತ್ತಡ ಎಲ್ಲವೂ ವ್ಯಾಸೊಪ್ರೆಸಿನ್ನನ್ನು ಏರಿಸುತ್ತವೆ. ಆ ಹೊತ್ತಿನಲ್ಲಿ ಉಪ್ಪಿಲ್ಲದ ಡ್ರಿಪ್ ಹೋದರೆ, ಇಲ್ಲಾ ಬಲವಂತವಾಗಿ ನೀರು ಕುಡಿಸಿದರೆ ಅದೆಲ್ಲ ಒಳಗೇ ನಿಲ್ಲುತ್ತದೆ. 1986ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 15 ಹೆಂಗಸರ ವಿವರ ಬಂತು. ಎಲ್ಲರೂ ಮೊದಲು ಆರೋಗ್ಯವಾಗಿದ್ದವರು, ದಿನ ಗೊತ್ತುಮಾಡಿಕೊಂಡು ಆಪರೇಷನ್ ಮಾಡಿಸಿಕೊಂಡವರು. ಆಮೇಲೆ ಸೋಡಿಯಂ ತೀವ್ರವಾಗಿ ಇಳಿದು ಫಿಟ್ಸ್ ಬಂತು, ಉಸಿರು ನಿಂತಿತು. ಸತ್ತವರು ಸತ್ತರು, ಉಳಿದವರ ಮೆದುಳಿಗೆ ಶಾಶ್ವತ ಪೆಟ್ಟಾಯಿತು. ಅರಿವಳಿಕೆ ಡಾಕ್ಟರುಗಳು ಡ್ರಿಪ್ಪಿನ ಆಯ್ಕೆಯಲ್ಲಿ ಇಂದು ಇಷ್ಟು ಎಚ್ಚರ ವಹಿಸುವುದರ ಹಿಂದೆ ಇಂಥ ಅನುಭವಗಳಿವೆ.

ವಾರ್ಡಿನಲ್ಲಿ ರೋಗಿಯ ಪಕ್ಕ ಕೂರುವವರಿಗೆ ಇಲ್ಲಿ ದೊಡ್ಡ ಪಾತ್ರವಿದೆ. ಆಪರೇಷನ್ ಮರುದಿನ ಅಮ್ಮ ಹೊತ್ತಲ್ಲದ ಹೊತ್ತಿಗೆ ಏನೇನೋ ಮಾತಾಡಿದರೆ, ಎಲ್ಲಿದ್ದೀನಿ ಅಂತ ಗೊತ್ತಾಗದೆ ಡ್ರಿಪ್ ಕಿತ್ತರೆ, ಇಲ್ಲಾ ಎಬ್ಬಿಸಿದರೂ ಕಣ್ಣು ಬಿಡದಷ್ಟು ಮಂಕಾದರೆ, ‘ಅಮಲು ಇನ್ನೂ ಇಳಿದಿಲ್ಲ’ ಅಂತ ಬಿಡಬೇಡಿ. ಮಂಡಿ ಆಪರೇಷನ್ ಬಹುಪಾಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವಂಥದ್ದು, ಅಷ್ಟು ದಿನದ ಅಮಲು ಅದರಲ್ಲಿಲ್ಲ. ಗೊಂದಲಕ್ಕೆ ಸೋಂಕು, ನೋವು, ಮೂತ್ರ ಕಟ್ಟಿರುವುದು, ನಿದ್ದೆಗೇಡು ಹೀಗೆ ಬೇರೆ ಕಾರಣಗಳೂ ಇರಬಹುದು. ಆದರೆ ಸೋಡಿಯಂ ಪರೀಕ್ಷೆ ಅಗ್ಗದ್ದು, ಬೇಗ ಆಗುವಂಥದ್ದು. ‘ಸಿಸ್ಟರ್, ಅಮ್ಮ ನಿನ್ನೆ ಹೀಗಿರಲಿಲ್ಲ, ಸೋಡಿಯಂ ಒಮ್ಮೆ ನೋಡ್ತೀರಾ?’ ಅಂತ ಕೇಳಿ. ನಿನ್ನೆ ಹೇಗಿದ್ದರು ಅಂತ ಗೊತ್ತಿರುವುದು ಶಿಫ್ಟ್ ಬದಲಾಗುವ ನರ್ಸಿಗಿಂತ ನಿಮಗೇ ಜಾಸ್ತಿ.

ನೀರು ಎಷ್ಟು ಕೊಡಬೇಕು? ಬಾಯಾರಿದಷ್ಟು ಕೊಡಿ. ಮಲಬದ್ಧತೆಯಾಗಬಾರದು ಅಂತ ಗಂಟೆಗೊಂದು ಲೋಟ ಲೆಕ್ಕ ಹಾಕಿ ಕುಡಿಸುವುದು ಬೇಡ. ಊಟ ಸೇರುವಂತಾದ ಕೂಡಲೇ ಬೇಳೆ, ಮೊಸರು, ಮೊಟ್ಟೆ ಹೀಗೆ ಪ್ರೋಟೀನ್ ಇರುವುದನ್ನು ಕೊಡಿ. ಗಾಯಕ್ಕೂ ಒಳ್ಳೆಯದು, ಕಿಡ್ನಿಗೂ ನೀರು ಹೊರಹಾಕಲು ನೆರವು. ಊಟಕ್ಕೆ ಉಪ್ಪು ಎಷ್ಟು ಅನ್ನುವುದನ್ನು ಮಾತ್ರ ಡಾಕ್ಟರನ್ನೇ ಕೇಳಿ. ಅದು ಹೃದಯ, ಕಿಡ್ನಿ ಹೇಗಿವೆ ಅನ್ನುವುದರ ಮೇಲಿದೆ.

ಮನೆಗೆ ಹೊರಡುವ ದಿನ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಓದಿ. ಮುಂಚೆ ನಿಲ್ಲಿಸಿದ್ದ ‘ಎಚ್’ ಅಥವಾ ‘ಸಿಟಿ’ ಮಾತ್ರೆ ಹಳೆಯ ಚೀಟಿಯಿಂದ ಹಾಗೇ ಇಳಿದು ಮತ್ತೆ ಸೇರಿಕೊಂಡಿರಬಹುದು. ಮನೆಯ ಡಬ್ಬಿಯಲ್ಲಿ ಉಳಿದ ಹಳೆಯ ಸ್ಟ್ರಿಪ್ಪನ್ನು ಅಪ್ಪನೋ ಅಮ್ಮನೋ ಅಭ್ಯಾಸದಂತೆ ನುಂಗಲೂಬಹುದು. ಆ ಸ್ಟ್ರಿಪ್ಪನ್ನು ಡಬ್ಬಿಯಿಂದ ತೆಗೆದುಬಿಡಿ. ಹೊಲಿಗೆ ತೆಗೆಸಲು ಹೋಗುವ ದಿನ ಸೋಡಿಯಂ ಪರೀಕ್ಷೆಯನ್ನೂ ಮಾಡಿಸಬೇಕೇ ಅಂತ ಹೊರಡುವ ಮುಂಚೆಯೇ ಕೇಳಿ ಬರೆಸಿಕೊಳ್ಳಿ.